ಶ್ರಾವಕನೆಂದರೆ ಕೇಳುವವನು

ಮನೆಮಾತು ಕನ್ನಡವಾಗಿರಲಿ, ಮರಾಠಿಯಾಗಿರಲಿ, ಗುಜರಾತಿಯೋ ಮಾರವಾಡಿಯೋ ಆಗಿರಲಿ, ನಮ್ಮೆಲ್ಲರ ಮನೆಗಳಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾಗುವ ಶಬ್ದವೊಂದಿದೆ: ಶ್ರಾವಕ. ‘ಶ್ರು’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಕೇಳುವವನು ಎಂದರ್ಥ. ಧರ್ಮವನ್ನು ಆಚರಿಸುವ ಮೊದಲು ಅದನ್ನು ಕೇಳಬೇಕು. ಆದ್ದರಿಂದಲೇ ನಮ್ಮ ಪೂರ್ವಾಚಾರ್ಯರು ಗೃಹಸ್ಥನಿಗೆ ಈ ಹೆಸರನ್ನಿತ್ತರು. ಹಾಗಾದರೆ ಕಿವಿಯೇ ಕೇಳದವನು ಶ್ರಾವಕನಾಗಬಲ್ಲನೇ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದದ್ದಲ್ಲ, ಬದುಕಿನಿಂದ ಬಂದದ್ದು. ಎಂಟು ವರ್ಷಗಳ ಕಾಲ ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೇನೆ. ಇತರರು ತಲೆದೂಗಿದಾಗ ತಲೆದೂಗಿದ್ದೇನೆ, ಅವರು ನಕ್ಕಾಗ ನಕ್ಕಿದ್ದೇನೆ. ಅದರಲ್ಲಿ ಒಂದಕ್ಷರವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಗಡಹಿಂಗ್ಲಜದ ಶಾಲೆಯೊಂದರಲ್ಲಿ ಮರಾಠಿಯಲ್ಲಿ ಪಾಠ ಹೇಳಿ, ಮನೆಯಲ್ಲಿ ಕನ್ನಡದಲ್ಲಿ ಬಾಳಿದವನು ನಾನು. ನಲವತ್ತೈದರ ಸುಮಾರಿಗೆ ಶ್ರವಣಶಕ್ತಿ ಕುಂದತೊಡಗಿತು. ಅದು ಒಮ್ಮೆಲೇ ಹೋಗಲಿಲ್ಲ. ಮೊದಲು ಮಾತಿನ ಅಂಚುಗಳು ಸವೆದವು. ‘ಸ’, ‘ಶ’ ಮುಂತಾದ ಅಕ್ಷರಗಳ ನಾದ ಬಹಳ ಎತ್ತರದ ಸ್ಥಾಯಿಯದು. ಕಿವಿ ಸೋಲುವಾಗ ಸಾಮಾನ್ಯವಾಗಿ ಆ ಸ್ಥಾಯಿಯೇ ಮೊದಲು ಅಳಿಯುತ್ತದೆ. ತರಗತಿಯಲ್ಲಿ ಹುಡುಗನೊಬ್ಬ ‘ಸಾತ್’ ಎಂದರೆ ನನಗೆ ‘ಆಟ್’ ಎಂದೋ ‘ಹಾತ್’ ಎಂದೋ ಕೇಳಿಸುತ್ತಿತ್ತು. ಶ್ರವಣಯಂತ್ರ ಕೆಲವು ವರ್ಷ ನೆರವಾಯಿತು. 2011ರ ಹೊತ್ತಿಗೆ ಅದರಿಂದಲೂ ಪ್ರಯೋಜನವಿಲ್ಲದಾಯಿತು. ಮನೆಯವರು ಎದುರಿಗೆ ನಿಂತು ನಿಧಾನವಾಗಿ ತುಟಿಯಾಡಿಸಿ ಮಾತನಾಡುವುದನ್ನು ಕಲಿತರು. ನಾನು ತುಟಿಗಳನ್ನು ಓದುವುದನ್ನು ಕಲಿತೆ.

2019ರಲ್ಲಿ ಮಕ್ಕಳ ಒತ್ತಾಯದಿಂದ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡೆ. ಈ ಸಾಧನದ ಬಗೆಗೆ ಎರಡು ಮಾತು ಹೇಳುವುದು ಉಚಿತ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದದ ನಾಳವೊಂದಿದೆ, ಅದೇ ಕಾಕ್ಲಿಯಾ. ಅದರಲ್ಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಕ್ಕೆ ತಿಳಿಯುವ ಸಂಕೇತವನ್ನಾಗಿಸುವ ವ್ಯವಸ್ಥೆ ಈ ಕೋಶಗಳದು. ಇವು ನಾಶವಾದರೆ ಮರಳಿ ಬೆಳೆಯುವುದಿಲ್ಲ. ಶ್ರವಣಯಂತ್ರವು ಶಬ್ದವನ್ನು ದೊಡ್ಡದು ಮಾಡುತ್ತದೆಯಷ್ಟೆ, ಇಂಪ್ಲಾಂಟ್ ಹಾಗಲ್ಲ. ಕಿವಿಯ ಹಿಂದೆ ಧರಿಸುವ ಪ್ರೊಸೆಸರ್ ಶಬ್ದವನ್ನು ಹಿಡಿದು ವಿಂಗಡಿಸುತ್ತದೆ. ತಲೆಯ ಚರ್ಮಕ್ಕೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಬಿಲ್ಲೆಯೊಂದು ಅದನ್ನು ಒಳಗಿನ ಗ್ರಾಹಕಕ್ಕೆ ಕಳುಹಿಸುತ್ತದೆ. ಅಲ್ಲಿಂದ ಕಾಕ್ಲಿಯಾದೊಳಗೆ ಸೇರಿಸಿದ ಎಳೆಯ ಮೇಲಿನ ವಿದ್ಯುದಗ್ರಗಳು ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತವೆ. ಇಂದಿನ ಸಾಧನಗಳಲ್ಲಿ ಇಂತಹ ವಿದ್ಯುದಗ್ರಗಳು ಬಹುಮಟ್ಟಿಗೆ 12ರಿಂದ 22. ಹದಿನೈದು ಸಾವಿರದ ಕೆಲಸವನ್ನು ಇಪ್ಪತ್ತೆರಡರಿಂದ ಮಾಡಿಸಬೇಕು.

ಆಸ್ಟ್ರೇಲಿಯಾದ ವೈದ್ಯ ಗ್ರೇಮ್ ಕ್ಲಾರ್ಕ್ ಅವರ ತಂದೆ ಔಷಧದಂಗಡಿ ನಡೆಸುತ್ತಿದ್ದರು. ಅವರಿಗೆ ಕಿವಿ ಮಂದ. ಗಿರಾಕಿಗಳ ಮಾತು ತಿಳಿಯದೆ ತಂದೆ ಪಡುತ್ತಿದ್ದ ಕಷ್ಟವನ್ನು ನೋಡುತ್ತ ಬೆಳೆದ ಮಗ ಈ ಸಂಶೋಧನೆಗೆ ತೊಡಗಿದರು. ವಿದ್ಯುದಗ್ರದ ಎಳೆಯನ್ನು ಸುರುಳಿಯೊಳಗೆ ನೋವಾಗದಂತೆ ಸೇರಿಸುವ ಬಗೆ ಹೇಗೆಂಬ ಚಿಂತೆಯಲ್ಲಿದ್ದಾಗ, 1977ರಲ್ಲಿ ಸಮುದ್ರತೀರದಲ್ಲಿ ಕುಳಿತು ಶಂಖದ ಚಿಪ್ಪಿನೊಳಕ್ಕೆ ಹುಲ್ಲಿನ ಗರಿಯನ್ನು ತೂರಿಸಿ ನೋಡಿದರು. ತುದಿಯಲ್ಲಿ ಮೃದುವಾಗಿ, ಬುಡದಲ್ಲಿ ಗಟ್ಟಿಯಾಗಿದ್ದ ಗರಿ ಸುಲಭವಾಗಿ ಒಳಸೇರಿತು. ಮರುವರ್ಷ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ, ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರಿಗೆ ಅವರು ತಮ್ಮ ಬಹುವಾಹಿನಿ ಸಾಧನವನ್ನು ಮೊದಲ ಬಾರಿ ಅಳವಡಿಸಿದರು.

ಶಸ್ತ್ರಚಿಕಿತ್ಸೆಯಾದ ದಿನವೇ ಕೇಳಿಸುವುದಿಲ್ಲ. ಗಾಯ ಮಾಗಿದ ಮೇಲೆ, ನನಗೆ ನಾಲ್ಕನೆಯ ವಾರದಲ್ಲಿ, ಸಾಧನವನ್ನು ಚಾಲನೆ ಮಾಡಿದರು. ಮಗ, ಸೊಸೆ, ಮೊಮ್ಮಗ ಎಲ್ಲರೂ ಹಬ್ಬಕ್ಕೆ ಬಂದವರಂತೆ ಕಾದಿದ್ದರು. “ಆಜೋಬಾ, ಐಕು ಯೇತಂಯ ಕಾ?” ಎಂದು ಮೊಮ್ಮಗ ಕೇಳಿದನಂತೆ, ಅಜ್ಜಾ, ಕೇಳಿಸುತ್ತಿದೆಯೇ ಎಂದು. ನನಗೆ ಕೇಳಿಸಿದ್ದು ತಗಡಿನ ಡಬ್ಬಿಯೊಳಗೆ ಕಾಳು ಅಲುಗಿದಂತಹ ಸದ್ದು. ಗಂಡು ಹೆಣ್ಣು, ಹಿರಿಯ ಕಿರಿಯ ಎಂಬ ಭೇದವಿಲ್ಲದೆ ಎಲ್ಲರ ಕಂಠವೂ ಒಂದೇ ಯಂತ್ರದ ಕಂಠವಾಗಿತ್ತು. ಮಕ್ಕಳ ಸಂತೋಷ ಕೆಡದಿರಲೆಂದು ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗ ನನಗೆ ಧೈರ್ಯ ತಂದದ್ದು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತ ತತ್ತ್ವಾರ್ಥಸೂತ್ರ. ಇಂದ್ರಿಯ ಮತ್ತು ಮನಸ್ಸುಗಳಿಂದಾಗುವ ಮತಿಜ್ಞಾನಕ್ಕೆ ನಾಲ್ಕು ಹಂತಗಳೆಂದು ಉಮಾಸ್ವಾಮಿಗಳು ಹೇಳಿರುವರಷ್ಟೆ: ಅವಗ್ರಹ, ಈಹೆ, ಅವಾಯ, ಧಾರಣೆ. ಏನೋ ಒಂದು ಇದೆ ಎಂಬ ಮೊದಲ ಅರಿವು ಅವಗ್ರಹ. ಅದು ಏನಿರಬಹುದೆಂಬ ಶೋಧ ಈಹೆ. ಇದೇ ಎಂಬ ನಿಶ್ಚಯ ಅವಾಯ. ಮರೆಯದಂತೆ ಉಳಿಯುವುದು ಧಾರಣೆ. ಶಬ್ದವು ಆಕಾಶದ ಗುಣವಲ್ಲ, ಪುದ್ಗಲದ ಪರ್ಯಾಯ ಎಂಬುದು ನಮ್ಮ ದರ್ಶನದ ಮತ. ಆ ಶಬ್ದಪುದ್ಗಲಗಳು ಕಿವಿಗೆ ತಾಗಿದೊಡನೆ ಜ್ಞಾನ ಸ್ಫುಟವಾಗುವುದಿಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೊಸ ಮಣ್ಣಿನ ಬಟ್ಟಲಿನ ದೃಷ್ಟಾಂತ ಕೊಟ್ಟಿದ್ದಾರೆ. ಎರಡು ಮೂರು ಹನಿ ಬಿದ್ದರೆ ಬಟ್ಟಲು ಒದ್ದೆಯಾಗುವುದಿಲ್ಲ, ಹೀರಿಕೊಳ್ಳುತ್ತದೆ. ಮತ್ತೆ ಮತ್ತೆ ಹನಿ ಬೀಳುತ್ತಿದ್ದರೆ ಮೆಲ್ಲಗೆ ತೇವ ಕಾಣಿಸಿಕೊಳ್ಳುತ್ತದೆ. ನನ್ನ ಕಿವಿ ಹೊಸ ಬಟ್ಟಲು. ಹನಿಗಳು ಬೀಳುತ್ತಿರಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ಅಡುಗೆಮನೆಯ ಕಡೆಯಿಂದ ‘ಟಿಕ್, ಟಿಕ್’ ಎಂದಿತು. ಗಡಿಯಾರವೇ? ಗಡಿಯಾರದ ಬಳಿ ಹೋದೆ, ಅಲ್ಲ. ಹಲ್ಲಿಯೇ? ಅಲ್ಲ. ಸೋಸುವ ಬಟ್ಟೆಯಿಂದ ಕೊಡದೊಳಗೆ ನೀರು ತೊಟ್ಟಿಕ್ಕುತ್ತಿತ್ತು! ನೀರು ಗಾಲಿಸಿ ಕುಡಿಯುವ ಮನೆಯಲ್ಲಿ ಹುಟ್ಟಿದ ನನಗೆ ಅದು ಹಾಲಿನೊಂದಿಗೆ ಬಂದ ಸದ್ದು. ಆದರೂ ಅದನ್ನು ಹುಡುಕಿ ಕಂಡುಹಿಡಿಯಬೇಕಾಯಿತು. ಮರುದಿನ ಹಾಸಿಗೆಯಲ್ಲಿದ್ದಂತೆಯೇ ಅದನ್ನು ಗುರುತಿಸಿದೆ. ಹೀಗೆ ಒಂದೊಂದಾಗಿ ಮರಳಿದವು: ರೊಟ್ಟಿ ಬಡಿಯುವ ಸಪ್ಪಳ, ಕುಕ್ಕರಿನ ಸಿಳ್ಳು, ಹೆಂಚಿನ ಮೇಲಿನ ಮಳೆ, ಹಿರಣ್ಯಕೇಶಿಯ ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು.

ಇಚಲಕರಂಜಿಯ ಮಗನ ಮನೆಯಲ್ಲಿ ಬೇರೊಂದು ಪಾಠವಾಯಿತು. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಊರದು. ಓಣಿ ಓಣಿಯಲ್ಲಿ ಮಗ್ಗಗಳ ಖಟಖಟ. ಅಲ್ಲಿಯವರಿಗೆ ಆ ಸದ್ದು ಕೇಳಿಸುವುದು ವಿದ್ಯುತ್ತು ಹೋಗಿ ಮಗ್ಗ ನಿಂತಾಗ ಮಾತ್ರ ಎಂದು ಸೊಸೆ ನಗುತ್ತ ಹೇಳಿದಳು. ಆರೋಗ್ಯವಂತ ಕಿವಿ ಇದ್ದದ್ದನ್ನೆಲ್ಲ ಕೇಳುವುದಿಲ್ಲ; ಬೇಡವಾದದ್ದನ್ನು ಮನಸ್ಸು ಬದಿಗೆ ಸರಿಸುತ್ತದೆ. ನನ್ನ ಯಂತ್ರಕ್ಕೆ ಆ ವಿವೇಕ ಸಾಲದು. ಮಗ್ಗವೂ ಮಾತೂ ಒಂದೇ ರಾಶಿಯಾಗಿ ಬಂದು ಬೀಳುತ್ತಿದ್ದವು. ಅಲ್ಲಿಯೇ ಒಂದು ನಗೆಯ ಪ್ರಸಂಗ. ಸೊಸೆ ಮೊಮ್ಮಗನನ್ನು ಮರಾಠಿಯಲ್ಲಿ ‘ಬಾಳ’ ಎಂದು ಕರೆದರೆ ನಾನು ಅದನ್ನು ನಮ್ಮ ‘ಭಾಳ’ ಎಂದು ತಿಳಿದು, “ಏನು ಭಾಳ ಆತು?” ಎಂದು ಕೇಳಿಬಿಟ್ಟೆ. ಈಹೆ ಸರಿಯಾಗಿತ್ತು, ಅವಾಯ ತಪ್ಪಿತು!

ಎಲ್ಲವೂ ಮರಳಿತೆಂದು ಹೇಳಲಾರೆ. ಕೊಲ್ಹಾಪುರದಲ್ಲಿ ಮಗಳ ಮನೆಗೆ ಹೋದಾಗ ಬಸದಿಯ ಘಂಟೆ ನನಗೆ ತಟ್ಟೆ ಬಡಿದಂತೆ ಕೇಳಿಸಿತು. ಸಾಮೂಹಿಕ ಪೂಜೆಯ ಹಾಡು ಸಂತೆಯ ಗದ್ದಲದಂತೆ. ಸ್ವರದ ಏರಿಳಿತವನ್ನು ಸೂಕ್ಷ್ಮವಾಗಿ ತಲುಪಿಸಲು ಆ ಕೆಲವೇ ವಿದ್ಯುದಗ್ರಗಳಿಗೆ ಸಾಧ್ಯವಾಗುವುದಿಲ್ಲ. ಬಾಲ್ಯದ ನೆನಪಿನಲ್ಲಿರುವ ಘಂಟಾನಾದವನ್ನೇ ಈ ತಟ್ಟೆಯ ಸದ್ದಿನ ಮೇಲೆ ಹೊದಿಸಿಕೊಂಡು ಕೈಮುಗಿಯುತ್ತೇನೆ.

ಆದರೆ ನನ್ನನ್ನು ಹೆಚ್ಚು ನಾಚಿಸಿದ್ದು ಹೊರಗಿನ ಸದ್ದುಗಳಲ್ಲ, ನನ್ನವೇ. ಬಾಗಿಲನ್ನು ಎಷ್ಟು ಜೋರಾಗಿ ಹಾಕುತ್ತಿದ್ದೆ! ಕುರ್ಚಿಯನ್ನು ಎಳೆಯುವುದು, ಪಾತ್ರೆಯನ್ನು ಕುಕ್ಕುವುದು, ನಸುಕಿನಲ್ಲೆದ್ದು ಓಣಿಗೆಲ್ಲ ಕೇಳುವಂತೆ ಗಂಟಲು ಸರಿಪಡಿಸುವುದು. ಎಂಟು ವರ್ಷ ಮನೆಮಂದಿ ಇದನ್ನೆಲ್ಲ ಸಹಿಸಿದ್ದರು. ಯಾರೂ ಒಂದು ಮಾತು ಆಡಿರಲಿಲ್ಲ. ಹಿಂಸೆಯ ಮೂಲ ಪ್ರಮಾದ ಎಂದು ನಾವು ಕಲಿತಿದ್ದೇವೆ. ಕೈಯೆತ್ತದೆಯೂ, ಕೆಟ್ಟ ಮಾತಾಡದೆಯೂ ಎಚ್ಚರಗೇಡಿತನದಿಂದಲೇ ಇನ್ನೊಂದು ಜೀವವನ್ನು ನೋಯಿಸಬಹುದು. ಅಂದು ನನಗೆ ಕೇಳಿಸುತ್ತಿರಲಿಲ್ಲವೆಂಬ ಕಾರಣವಿತ್ತು. ಕೇಳಿಸುವವರು ಉತ್ಸವದ ಧ್ವನಿವರ್ಧಕವನ್ನು ಎತ್ತರಿಸುವಾಗ ಪಕ್ಕದ ಮನೆಯ ರೋಗಿಯನ್ನೂ ಹಸುಗೂಸನ್ನೂ ನೆನೆಯಬೇಕಲ್ಲವೇ?

ಇನ್ನು ಈ ಲೇಖನವನ್ನು ಬರೆಯಿಸಿದ ಪ್ರಸಂಗಕ್ಕೆ ಬರುತ್ತೇನೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಬೇಡವೆಂದರೂ ಕೇಳಬೇಕಾದದ್ದು ಸಹಜ ಕಿವಿಯ ಧರ್ಮ. ನನಗಾದರೋ ಈಗ ಕಿವಿಗೂ ರೆಪ್ಪೆಯಿದೆ. ಬಿಲ್ಲೆಯನ್ನು ಬೆರಳಿನಿಂದ ಸರಿಸಿದರೆ ಸಾಕು, ಪೂರ್ಣ ಮೌನ. ಸಾಧನ ಬಂದು ಏಳೆಂಟು ತಿಂಗಳಾಗಿರಬೇಕು. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ನನ್ನ ಪತ್ನಿ ತವರುಮನೆಯ ಹೊಲದ ಪಾಲಿನ ವ್ಯಾಜ್ಯದ ಬಗ್ಗೆ, ಅಣ್ಣತಮ್ಮಂದಿರು ಮಾತು ಬಿಟ್ಟ ಬಗ್ಗೆ ಹೇಳುತ್ತಿದ್ದಳು. ಹಲವು ಸಲ ಕೇಳಿದ ಕಥೆ. ನಾನು ಪತ್ರಿಕೆ ಓದುತ್ತ ‘ಹೂಂ’ಗುಟ್ಟುತ್ತಿದ್ದೆ. ಆಮೇಲೆ, ಕಿವಿ ದಣಿದಿದೆ ಎಂದು ನನಗೆ ನಾನೇ ಹೇಳಿಕೊಂಡು, ತಲೆ ಕೆರೆದುಕೊಳ್ಳುವ ನೆಪದಲ್ಲಿ ಬಿಲ್ಲೆಯನ್ನು ಸರಿಸಿಬಿಟ್ಟೆ. ಆಕೆ ಅದನ್ನು ನೋಡಿದಳು. ಮಾತು ನಿಂತಿತು.

ಎರಡು ದಿನ ಆಕೆ ಬೇಕಾದಷ್ಟೇ ಮಾತನಾಡಿದಳು. ಮೂರನೆಯ ದಿನ ನಾನೇ ಕೇಳಿದಾಗ ಹೀಗೆಂದಳು: “ಮೊದಲ ನಿಮಗ ಕೇಳಸ್ತಿರಲಿಲ್ಲ. ಆದ್ರೂ ನಾ ಮಾತಾಡಿದ್ರ ಕೈಯಾಗಿನ ಕೆಲಸಾ ಬಿಟ್ಟು ನನ್ನ ಮುಖಾ ನೋಡ್ತಿದ್ರಿ. ಈಗ ಕೇಳಸ್ತೈತಿ, ಹಂಗಾಗಿ ನೋಡೂದು ಬಿಟ್ಟೀರಿ.”

ನನ್ನಲ್ಲಿ ಉತ್ತರವಿರಲಿಲ್ಲ. ತುಟಿ ಓದುವವನಿಗೆ ಅರೆಮನಸ್ಸಿನಿಂದ ಕೇಳುವ ಸೌಕರ್ಯವೇ ಇಲ್ಲ. ಕಣ್ಣು ಕದಲಿದರೆ ಮಾತು ಹೋಯಿತು. ಆಕೆಯ ಮಾತಿಗಾಗಿ ಆಕೆಯ ಮುಖವನ್ನೇ ನೋಡುತ್ತಿದ್ದ ಎಂಟು ವರ್ಷಗಳಲ್ಲಿ, ಶಬ್ದ ತಲುಪದಿದ್ದರೂ, ಆಕೆಯ ಆಯಾಸ, ಅಳಲು, ಸಂತೋಷ ನನಗೆ ತಲುಪುತ್ತಿದ್ದವು. ಕಿವಿ ಬಂದ ಮೇಲೆ ಶಬ್ದಗಳೆಲ್ಲ ತಲುಪಿದವು, ಆಕೆ ತಲುಪಲಿಲ್ಲ.

ನಮ್ಮ ಶಾಸ್ತ್ರ ಇಂದ್ರಿಯವನ್ನು ಎರಡಾಗಿ ವಿಂಗಡಿಸುತ್ತದೆ. ಆಕಾರವಾಗಿ, ಉಪಕರಣವಾಗಿ ಇರುವುದು ದ್ರವ್ಯೇಂದ್ರಿಯ; ಅರಿಯುವ ಶಕ್ತಿಯಾದ ಲಬ್ಧಿ ಮತ್ತು ಆ ಶಕ್ತಿಯನ್ನು ವಿಷಯದತ್ತ ತಿರುಗಿಸುವ ಉಪಯೋಗ, ಇವೆರಡೂ ಭಾವೇಂದ್ರಿಯ. ನನ್ನ ಅಲ್ಪಮತಿಗೆ ತೋಚುವಂತೆ, ವೈದ್ಯರು ಸರಿಪಡಿಸಿಕೊಟ್ಟದ್ದು ಉಪಕರಣದ ಕೊರತೆಯನ್ನು. ಉಪಯೋಗವನ್ನು ಯಾವ ವೈದ್ಯನೂ ಅಳವಡಿಸಲಾರ. ಜೀವದ ಲಕ್ಷಣವೇ ಉಪಯೋಗವೆಂದು ಆಚಾರ್ಯರು ಹೇಳಿರುವಾಗ, ಕಿವುಡನನ್ನು ಅರೆಮನುಷ್ಯನಂತೆ ಕಾಣಲು ನಮಗೆ ಅಧಿಕಾರವಿಲ್ಲ. ಕೈಸನ್ನೆಯ ಭಾಷೆಯಲ್ಲಿ ಪರಸ್ಪರ ಕಣ್ಣಿಟ್ಟು ಮಾತನಾಡುವ ಇಬ್ಬರು ಕಿವುಡರು, ದೂರದರ್ಶನ ನೋಡುತ್ತ ಹೂಂಗುಟ್ಟುವ ನಮಗಿಂತ ಉತ್ತಮ ಶ್ರಾವಕರು.

ಹಾಗೆಂದು ಉಪಕರಣ ಅಲ್ಪವೆಂದಲ್ಲ. ಹುಟ್ಟಿನಿಂದ ಕೇಳದ ಮಗುವಿಗೆ ಮೊದಲ ಕೆಲವು ವರ್ಷಗಳು ಬಹು ಬೆಲೆಯುಳ್ಳವು. ಮೆದುಳು ಮಾತನ್ನು ಕಲಿಯುವ ಕಾಲವದು. ಮಗು ನಿದ್ರಿಸುತ್ತಿರುವಾಗಲೇ ಕೆಲವೇ ನಿಮಿಷಗಳಲ್ಲಿ ಶ್ರವಣಪರೀಕ್ಷೆ ಮಾಡಬಹುದು. ‘ನಮ್ಮ ಮನೆತನದಲ್ಲಿ ಮಾತು ತಡ’ ಎಂದು ಕಾಯುತ್ತ ಕೂಡಬಾರದು. ಈ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಬೇಕು. ಕೇಂದ್ರ ಸರಕಾರದ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ವರ್ಷಕ್ಕೆ 500 ಮಕ್ಕಳಿಗೆ, ತಲಾ ಆರು ಲಕ್ಷ ರೂಪಾಯಿಗಳ ಮಿತಿಯಲ್ಲಿ, ಇಂಪ್ಲಾಂಟ್ ನೆರವನ್ನು ಸೇರಿಸಲಾಯಿತು. ಅರ್ಹ ಕುಟುಂಬಗಳಿಗೆ ಇಂತಹ ದಾರಿಗಳನ್ನು ತೋರಿಸುವುದೂ ದಾನವೇ.

ಆ ದಿನದಿಂದ ನಾನೊಂದು ಸಣ್ಣ ನಿಯಮ ಹಿಡಿದಿದ್ದೇನೆ. ದಣಿವಾದರೆ ಬಿಲ್ಲೆ ತೆಗೆಯುತ್ತೇನೆ, ಆದರೆ ಹೇಳಿ ತೆಗೆಯುತ್ತೇನೆ. ಯಾರಾದರೂ ಮಾತನಾಡುವಾಗ ಪತ್ರಿಕೆ ಮಡಿಚಿ, ಕಿವುಡನಾಗಿದ್ದಾಗ ನೋಡುತ್ತಿದ್ದಂತೆಯೇ ಅವರ ಮುಖವನ್ನು ನೋಡುತ್ತೇನೆ. ತಪ್ಪುವುದುಂಟು, ತಪ್ಪಿದಾಗ ಮನೆಯಾಕೆ ತನ್ನ ಕಿವಿಯ ಹಿಂದೆ ಬೆರಳಿಟ್ಟು ತೋರಿಸುತ್ತಾಳೆ. ತವರಿನ ಹೊಲದ ಕಥೆಯನ್ನು ಮೊನ್ನೆ ಮತ್ತೊಮ್ಮೆ ಹೇಳಿದಳು. ಹಲವು ಸಲ ಕೇಳಿದ್ದೇನೆಂದು ಭಾವಿಸಿದ್ದ ಆ ಕಥೆಯಲ್ಲಿ ತಮ್ಮನ ಮೇಲಿನ ಕೋಪಕ್ಕಿಂತ ಅವನನ್ನು ಕಾಣಬೇಕೆಂಬ ಹಂಬಲವೇ ಹೆಚ್ಚಾಗಿತ್ತು. ಅದು ನನಗೆ ಕೇಳಿಸಿದ್ದು ಅಂದೇ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಅವನ ಊರಿಗೆ ಹೋಗಿ ಬಂದೆವು.