ಫಲನ ಬಾಗುತ್ತದೆ, ರಿಂಗ್ ಮುರಿಯುತ್ತದೆ

12ರ ಭಾಜಕಗಳು 1, 2, 3, 4, 6, 12. ಕೂಡಿದರೆ 28. ಇದನ್ನು 12ರ ಗುಣ ಎನ್ನುತ್ತೇವೆ. ಗುಣಕ್ಕೆ ದ್ರವ್ಯವೇ ಆಶ್ರಯ ಎಂದರು ವೈಶೇಷಿಕರು. ಆದರೆ ಈ 28ಕ್ಕೆ ಆಶ್ರಯ ಯಾವುದು? 12 ಎಂಬ ಸಂಖ್ಯೆಯೋ, ಅದನ್ನು ಒಡೆಯಲು ನಾವು ಒಪ್ಪಿಕೊಂಡ ನಿಯಮವೋ? ಇದನ್ನು ಪರೀಕ್ಷಿಸಲು ಗಣಿತಜ್ಞರಿಗೆ ಒಂದು ದಾರಿ ಗೊತ್ತಿದೆ: ನಿಯಮವನ್ನೇ ಸ್ವಲ್ಪಸ್ವಲ್ಪವಾಗಿ ಬಾಗಿಸಿ, ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂದು ನೋಡುವುದು.

ಪ್ರತಿ ಧನಪೂರ್ಣಾಂಕಕ್ಕೂ ಒಂದು ಬೆಲೆ ಕೊಡುವುದು ಅಂಕಗಣಿತೀಯ ಫಲನ. ಇಂಥ ಎರಡು ಫಲನಗಳನ್ನು ಗುಣಿಸುವ ಪ್ರಸಿದ್ಧ ಕ್ರಮಕ್ಕೆ ಡಿರಿಕ್ಲೆ ಹೆಸರಿದೆ. ಸಂಖ್ಯೆಯನ್ನು ಎರಡರ ಗುಣಲಬ್ಧವಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದೋ ಅಷ್ಟನ್ನೂ ತೆಗೆದುಕೊಳ್ಳಬೇಕು. ಒಂದು ತುಂಡಿಗೆ ಮೊದಲ ಫಲನದ ಬೆಲೆ, ಇನ್ನೊಂದಕ್ಕೆ ಎರಡನೆಯದರ ಬೆಲೆ ಹಾಕಿ ಗುಣಿಸಿ, ಎಲ್ಲವನ್ನೂ ಕೂಡಬೇಕು. ಒಂದು ತುಂಡಿಗೆ ಅದರದೇ ಬೆಲೆ, ಇನ್ನೊಂದಕ್ಕೆ 1 ಎಂದು ಹಾಕಿದರೆ ಬರುವುದೇ 12ರ ಆ 28. ಫಲನಗಳೆಲ್ಲ ಸೇರಿ ಹೀಗೆ ಒಂದು ರಿಂಗ್, ಎಂದರೆ ಕೂಡಿ ಕಳೆದು ಗುಣಿಸಬಹುದಾದ ರಚನೆ, ಆಗುತ್ತವೆ. ಎಲ್ಲೆಡೆಯೂ ಬೆಲೆ 1 ಇರುವ ಫಲನದ ವಿಲೋಮವೇ, ಎಂದರೆ ಅದರೊಡನೆ ಗುಣಿಸಿದಾಗ 1ರಲ್ಲಿ ಮಾತ್ರ 1, ಉಳಿದೆಡೆ ಸೊನ್ನೆ ಕೊಡುವ ಫಲನವೇ, ಇಲ್ಲಿ ಮೋಬಿಯಸ್ ಫಲನ.

ಇನ್ನೊಂದು ಕ್ರಮವೂ ಉಂಟು. ಎರಡು ತುಂಡುಗಳಿಗೆ ಸಾಮಾನ್ಯ ಅವಿಭಾಜ್ಯ ಇರಕೂಡದು ಎಂಬುದು ಅದರ ಷರತ್ತು. 12ನ್ನು 3 ಮತ್ತು 4 ಆಗಿ ಒಡೆಯಬಹುದು, 2 ಮತ್ತು 6 ಆಗಿ ಅಲ್ಲ. ಆಗ ಮೊತ್ತ 1, 3, 4, 12 ಸೇರಿ 20. ಮದರಾಸಿನ ಆರ್. ವೈದ್ಯನಾಥಸ್ವಾಮಿ 1931ರ ಪ್ರಬಂಧದಲ್ಲೇ ಇದನ್ನು ಬಳಸಿದ್ದರು. 1960ರಲ್ಲಿ ಎಕ್ಫರ್ಡ್ ಕೊಹೆನ್ ವಿಸ್ತಾರವಾಗಿ ಬೆಳೆಸಿದರು.

ಈಗ ಎರಡರ ನಡುವೆ ಒಂದು ಹಾದಿ ಹಾಕೋಣ. ಯಾವ ಒಡೆತವನ್ನೂ ನಿಷೇಧಿಸುವುದು ಬೇಡ. ಎರಡೂ ತುಂಡುಗಳಲ್ಲಿ ಕಾಣಿಸಿಕೊಳ್ಳುವ ಪ್ರತಿ ಅವಿಭಾಜ್ಯಕ್ಕೂ ಕ್ಯೂ ಎಂಬ ತೂಕದಿಂದ ಗುಣಿಸಿದರೆ ಸಾಕು. 12ರ ಮೊತ್ತ 20 + 8ಕ್ಯೂ ಆಗುತ್ತದೆ. ಕ್ಯೂ 1 ಆದರೆ ಹಳೆಯ 28, ಸೊನ್ನೆಯಾದರೆ 20. ಮೂರು ಫಲನಗಳನ್ನು ಹೇಗೆ ಜೋಡಿಸಿ ಗುಣಿಸಿದರೂ ಉತ್ತರ ಒಂದೇ ಬರುತ್ತದೆ: ಮೂರು ತುಂಡುಗಳಲ್ಲೂ ಇರುವ ಅವಿಭಾಜ್ಯಕ್ಕೆ ಎರಡು ಕ್ಯೂ, ಎರಡರಲ್ಲಿ ಮಾತ್ರ ಇದ್ದರೆ ಒಂದು. ಮನಸ್ಸಿಗೆ ಬಂದ ತೂಕ ಹಾಕಿದ್ದರೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಿರಲಿಲ್ಲ.

ಮೋಬಿಯಸ್ ಫಲನಕ್ಕೆ ಏನಾಯಿತು? 1ಕ್ಕಿಂತ ದೊಡ್ಡ ವರ್ಗದಿಂದ ಭಾಗವಾಗುವ ಸಂಖ್ಯೆಯಲ್ಲಿ ಅದರ ಬೆಲೆ ಸೊನ್ನೆ ಎಂದು ಪುಸ್ತಕಗಳು ಹೇಳುತ್ತವೆ. ಹೊಸ ನಿಯಮದಲ್ಲಿ 4ರಲ್ಲಿ ಅದರ ಬೆಲೆ ಕ್ಯೂ − 1. ಕ್ಯೂ 1 ಆದಾಗ ಅದು ಸೊನ್ನೆ ನಿಜ, ಆದರೆ ಅರ್ಧವಾದರೆ −1/2, ಸೊನ್ನೆಯಾದರೆ −1. ಅಂದರೆ ಆ ಸೊನ್ನೆಗೆ ಆಶ್ರಯ 4 ಅಲ್ಲ, ಗುಣಾಕಾರದ ನಿಯಮ. ಇಷ್ಟು ಸಣ್ಣ ಲೆಕ್ಕ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಡುತ್ತದೆಂಬುದು ನನಗೆ ಗಣಿತದ ಅತ್ಯಂತ ಪ್ರಿಯವಾದ ಸಂಗತಿಗಳಲ್ಲೊಂದು.

ಬೆಲೆಗಳು ಹೀಗೆ ಮೆಲ್ಲಗೆ ಸರಿಯುತ್ತಿರುವಾಗ ರಿಂಗ್ ಬೇರೆ ರೀತಿ ನಡೆದುಕೊಳ್ಳುತ್ತದೆ. ಕ್ಯೂ ಸೊನ್ನೆಯಲ್ಲದಿರುವಷ್ಟು ಕಾಲ ಅದರ ರಚನೆ ಡಿರಿಕ್ಲೆ ರಿಂಗಿನದೇ. ಸಂಖ್ಯೆಯಲ್ಲಿರುವ ಪ್ರತಿಯೊಂದು ಬೇರೆ ಬೇರೆ ಅವಿಭಾಜ್ಯಕ್ಕೂ ಒಮ್ಮೆ ಫಲನದ ಬೆಲೆಯನ್ನು ಕ್ಯೂನಿಂದ ಗುಣಿಸಿದರೆ ಎರಡೂ ಒಂದಕ್ಕೊಂದು ಸರಿಹೊಂದುತ್ತವೆ. ಡಿರಿಕ್ಲೆ ರಿಂಗಿನಲ್ಲಿ ಅಪವರ್ತನ ಅನನ್ಯ ಎಂದು 1959ರಲ್ಲಿ ಕ್ಯಾಶ್‌ವೆಲ್ ಮತ್ತು ಎವರೆಟ್ ಸಾಧಿಸಿದರು, ಕ್ಯೂ 0.001 ಆದರೂ ಆ ಪ್ರಮೇಯ ಅಲುಗುವುದಿಲ್ಲ. ಸೊನ್ನೆ ಮುಟ್ಟಿದ ಕ್ಷಣ ಎಲ್ಲ ಮುರಿಯುತ್ತದೆ. 2ರಲ್ಲಿ ಮಾತ್ರ ಬೆಲೆ 1, ಉಳಿದೆಡೆ ಸೊನ್ನೆ ಇರುವ ಫಲನವನ್ನು ಅದರಿಂದಲೇ ಗುಣಿಸಿದರೆ 4ರಲ್ಲಿ ಕ್ಯೂ ಸಿಗಬೇಕು. ಈಗ ಅಲ್ಲೂ ಸೊನ್ನೆ. ಸೊನ್ನೆಯಲ್ಲದ ಫಲನದ ವರ್ಗ ಸೊನ್ನೆಯಾಗಿಬಿಟ್ಟಿತು.

ಆಗಲೂ ಒಂದು ಉಳಿಯುತ್ತದೆ. 1ರಲ್ಲಿ ಬೆಲೆ ಸೊನ್ನೆಯಲ್ಲದ ಪ್ರತಿ ಫಲನಕ್ಕೂ ವಿಲೋಮ ಇದ್ದೇ ಇರುತ್ತದೆ. ಅದಕ್ಕೆ ಅನನ್ಯ ಅಪವರ್ತನ ಬೇಕಿಲ್ಲ. ಪ್ರತಿ ಸಂಖ್ಯೆಯೂ ಸಾಂತ ಬಗೆಗಳಲ್ಲಿ ಮಾತ್ರ ಒಡೆಯುತ್ತದೆ ಎಂಬುದೇ ಸಾಕು. ಜಾನ್ ಕಾರ್ಲೊ ರೋಟಾ 1964ರಲ್ಲಿ ಹಿಡಿದದ್ದು ಈ ಎಳೆಯನ್ನೇ. ಯಾವುದೇ ಎರಡು ಘಟಕಗಳ ನಡುವೆ ಸಾಂತ ಘಟಕಗಳಷ್ಟೇ ಇರುವ ಭಾಗಶಃ ಕ್ರಮಗಳಿಗೆಲ್ಲ ಅವರು ಮೋಬಿಯಸ್ ಫಲನವನ್ನು ಒದಗಿಸಿದರು. ಅಲ್ಲಿ ಅವಿಭಾಜ್ಯಗಳ ಅಗತ್ಯವೇ ಇರಲಿಲ್ಲ.