ಬೊಂಬೆಯ ಅಂಗಿಯ ಒಳಮೈ

ಉಳಿದ ತುಂಡುಬಟ್ಟೆಯಿಂದ ಮಗುವಿನ ಬೊಂಬೆಗೆ ಅಂಗಿ ಹೊಲಿಯಲು ಕುಳಿತವರಿಗೆ ಅರ್ಧ ಗಂಟೆಯೊಳಗೆ ಒಂದು ಪ್ರಶ್ನೆ ಎದುರಾಗುತ್ತದೆ. ಕಾಗದದ ಮಾದರಿಯನ್ನು ಬಟ್ಟೆಯ ಮೇಲಿಟ್ಟು, ಗುಂಡುಸೂಜಿ ಚುಚ್ಚಿ ಕತ್ತರಿಸುವವರೆಗೆ ಎಲ್ಲವೂ ಸಲೀಸು. ಆಮೇಲೆ ಉಳಿಯುವುದು ಒಳಗಿನ ಅಂಚು. ಅದನ್ನು ಮಡಿಸಿ ಹೊಲಿಯಬೇಕೆ, ಎಳೆ ಬಿಡದಂತೆ ತುಸು ಅಂಟು ಸವರಿಬಿಟ್ಟರಾಯಿತೆ? ತೊಡುವುದು ಬೊಂಬೆ. ಅದಕ್ಕೆ ಚುಚ್ಚುವುದಿಲ್ಲ, ಒತ್ತುವುದಿಲ್ಲ, ನಾಲ್ಕು ಜನರ ನಡುವೆ ನಾಚಿಕೆಯೂ ಆಗುವುದಿಲ್ಲ. ದೂರುವ ಬಾಯಿಯೇ ಇಲ್ಲದವರ ಕೆಲಸವನ್ನು ಎಷ್ಟರಮಟ್ಟಿಗೆ ಚೆನ್ನಾಗಿ ಮಾಡಬೇಕು? ಪ್ರಶ್ನೆ ಬೊಂಬೆಯಲ್ಲಿಗೇ ನಿಲ್ಲುವಂಥದಲ್ಲ.

ಯಾರೂ ಕಾಣದ ಕಡೆ ಮಾಡುವ ಕೆಲಸವೇ ನಿಜವಾದ ಕೆಲಸವೆಂದು ಉಪದೇಶ ಹೇಳಿಬಿಡುವುದು ಸುಲಭ. ಹೊಲಿಗೆ ಬಲ್ಲವರು ಅಷ್ಟು ಬೇಗ ಒಪ್ಪಲಾರರು. 1959ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಬಾರ್ಬಿಯನ್ನೇ ತೆಗೆದುಕೊಳ್ಳಿ. ಅದರ ಬೆನ್ನಿಗೇ ಸಿಂಪ್ಲಿಸಿಟಿ, ಮೆಕ್ಕಾಲ್ಸ್ ಮುಂತಾದ ಕಂಪನಿಗಳು ಬೊಂಬೆಯ ಉಡುಪಿನ ತೆಳುಕಾಗದದ ಮಾದರಿಗಳನ್ನು ಲಕೋಟೆಯಲ್ಲಿಟ್ಟು ಮಾರಿದವು. ಗೃಹಿಣಿಯರು ಮನೆಯಲ್ಲೇ ಹೊಲಿದರು. ಬೊಂಬೆಯ ಎತ್ತರ 11½ ಅಂಗುಲ, ಎಂದರೆ ಮನುಷ್ಯರ ಸುಮಾರು ಆರನೆಯ ಒಂದು ಪಾಲು. ಆದರೆ ಬಟ್ಟೆಯ ನೂಲು ಅದಕ್ಕೆ ತಕ್ಕಂತೆ ತೆಳ್ಳಗಾಗುವುದಿಲ್ಲವಲ್ಲ! ಹೊಲಿಗೆಗೆಂದು ಬಿಡುವ ಕಾಲಂಗುಲ ನಮ್ಮ ಮೈಯ ಲೆಕ್ಕದಲ್ಲಿ ಒಂದೂವರೆ ಅಂಗುಲವಾಯಿತು. ಅದನ್ನು ಶಾಸ್ತ್ರಪ್ರಕಾರ ಎರಡು ಸಲ ಮಡಿಸಿದರೆ, ಬೊಂಬೆ ಮಾಗಿಯ ರಾತ್ರಿಯಲ್ಲಿ ಕಂಬಳಿ ಹೊದ್ದ ಕಾವಲುಗಾರನಂತೆ ಕಾಣುತ್ತದೆ. ಆದ್ದರಿಂದಲೇ ಕೈ ಪಳಗಿದವರು ಹೊಲಿದ ಮೇಲೆ ಅಂಚನ್ನು ಕಿರಿದಾಗಿ ಕತ್ತರಿಸುತ್ತಾರೆ. ಮಡಿಸುವ ಬದಲು ತೆಳು ಮಲ್ ಬಟ್ಟೆಯ ಒಳಪದರ ಕೊಡುತ್ತಾರೆ. ಒಂದೊಂದು ಕಡೆ ಅಂಟನ್ನೂ ಸವರುತ್ತಾರೆ. ಇದನ್ನು ಮೋಸವೆನ್ನಲು ನನ್ನ ಮನಸ್ಸು ಒಪ್ಪದು. ದೊಡ್ಡವರ ದರ್ಜಿಯ ನಿಯಮವನ್ನು ಚಿಕ್ಕ ಮೈಯ ಮೇಲೆ ಹೇರುವುದೂ ಒಂದು ಬಗೆಯ ಅಸಡ್ಡೆಯೇ.

ಹಾಗಾದರೆ ಅಂಟು ಎಲ್ಲಿ ತಪ್ಪಾಗುತ್ತದೆ? ಮೈಸೂರಿನ ಕಡೆ ದಸರೆಯಲ್ಲಿ ಕೂರಿಸುವ ಪಟ್ಟದ ಬೊಂಬೆಗಳನ್ನು ನೆನೆಯಿರಿ. ಮದುವೆಯಲ್ಲಿ ತವರಿನವರು ಕೊಟ್ಟ ಆ ಮರದ ರಾಜ–ರಾಣಿಯರಿಗೆ ವರ್ಷಕ್ಕೊಮ್ಮೆ ಹೊಸ ಉಡುಗೆ. ಮುಂದೆ ಸರಿಗೆಯ ನೆರಿಗೆ, ಹಿಂದೆ ಗುಂಡುಸೂಜಿ. ಇದರಲ್ಲಿ ಲೋಪವೇನಿಲ್ಲ, ಹಬ್ಬ ಮುಗಿಯುವವರೆಗೆ ಎದುರಿಗೆ ಮುಖಮಾಡಿ ನಿಂತು ನೋಡಿಸಿಕೊಳ್ಳುವುದಷ್ಟೇ ಅವರ ಉದ್ಯೋಗ. ಆಡುವ ಬೊಂಬೆಯ ಪಾಡು ಬೇರೆ. ಮಗು ಅದಕ್ಕೆ ತೊಡಿಸುತ್ತದೆ, ಬಿಚ್ಚುತ್ತದೆ, ಮತ್ತೆ ತೊಡಿಸುತ್ತದೆ, ಆಟವೆಂದರೇ ಅದು. ಬಿಚ್ಚುವ ಆತುರದಲ್ಲಿ ಅಂಗಿ ತಿರುವುಮುರುವಾಗುತ್ತದೆ. ನಮ್ಮ ಅಂಗಿಯ ಒಳಮೈ ನಮಗೂ ಅಗಸನಿಗೂ ಮಾತ್ರ ಗೊತ್ತು. ಬೊಂಬೆಯ ಅಂಗಿಯ ಒಳಮೈಯನ್ನು ಮಗು ದಿನಕ್ಕೆ ಹತ್ತು ಸಲ ನೋಡುತ್ತದೆ. ಯಾರೂ ಕಾಣರೆಂದು ನಾವು ಭಾವಿಸಿದ ಜಾಗವೇ ಅದರ ಕಣ್ಣೆದುರಿನ ಜಾಗ. ಬಿಟ್ಟುಕೊಂಡ ಎಳೆಯೊಂದನ್ನು ಅದು ಎಳೆಯುತ್ತದೆ, ತೋಳು ಕಳಚಿ ಕೈಗೆ ಬರುತ್ತದೆ, ಒರಟೆಂಬ ಬೈಗುಳ ಮಗುವಿಗೆ! ಹೊಲಿದವರ ಸೋಮಾರಿತನಕ್ಕೆ ಆಡಿದವರಿಗೆ ಶಿಕ್ಷೆ.

ನಾಲ್ಕು ದಿನ ಆಡಿ ಮೂಲೆಗೆಸೆಯುವುದಕ್ಕೆ ಇಷ್ಟು ಪಾಡೇಕೆ ಎನ್ನುವವರುಂಟು. ಎಸೆಯಲಿ. ಊಟ ಗಳಿಗೆಯಲ್ಲಿ ಮುಗಿಯುವುದೆಂದು ಅಕ್ಕಿಯ ಕಲ್ಲು ಆರಿಸದೆ ಬಿಡುತ್ತೇವೆಯೆ?

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಯಾವ ಮಗುವೂ ಬಿಚ್ಚದ ಬೊಂಬೆಗೂ ಒಳಮೈ ಬೇಕೆ? 1945ರ ಮಾರ್ಚಿಯಲ್ಲಿ, ಯೂರೋಪಿನ ಯುದ್ಧ ಇನ್ನೂ ಮುಗಿಯದಿದ್ದಾಗ, ಪ್ಯಾರಿಸ್ಸಿನಲ್ಲಿ ಒಂದು ಬೊಂಬೆಗಳ ಪ್ರದರ್ಶನ ತೆರೆಯಿತು. ಊರಿನಲ್ಲಿ ಬಟ್ಟೆಗೂ ಕೊರತೆ, ಕಲ್ಲಿದ್ದಲಿಗೂ ಕೊರತೆ, ಅನ್ನಕ್ಕೂ ಕೊರತೆ. ಸುಮಾರು 70 ಸೆಂಟಿಮೀಟರ್ ಎತ್ತರದ ತಂತಿಯ ಬೊಂಬೆಗಳಿಗೆ ಹೆಸರಾಂತ ಉಡುಪಿನ ಮನೆಗಳವರು ಬಟ್ಟೆ ಹೊಲಿದರು. ಗುಂಡಿಗಳು ನಿಜವಾಗಿ ಹಾಕಿ ತೆಗೆಯುವಂಥವು. ಕೆಲವಕ್ಕೆ ಹೊರಗೆ ಕಾಣದ ಒಳ ಉಡುಪು ಸಹ. ಬಂದ ಹಣ ಯುದ್ಧದಲ್ಲಿ ನೊಂದವರ ನೆರವಿಗೆ ಹೋಯಿತೆಂಬುದು ನಿಜ. ಆದರೂ ಮನುಷ್ಯರು ಚಳಿಯಲ್ಲಿ ನಡುಗುವಾಗ ಬೊಂಬೆಗೆ ಒಳ ಉಡುಪೆ ಎಂದು ಯಾರಾದರೂ ಕೇಳಿದರೆ ಅವರ ಬಾಯಿ ಮುಚ್ಚಿಸುವಂತಿಲ್ಲ. ಕಸಬು ಕೈತಪ್ಪಿ ಹೋದೀತೆಂಬ ಭಯವೂ ಒಂದು ಹಸಿವೇ ಎಂದಷ್ಟೇ ನಾನು ಹೇಳಬಲ್ಲೆ. ಅದು ಕಸಬುದಾರರು ತಮ್ಮ ಕಸಬಿಗೆ ಸಲ್ಲಿಸಿದ ಕಾಣಿಕೆ. ಕಂದಾಯದಂತೆ ಎಲ್ಲರಿಂದಲೂ ವಸೂಲು ಮಾಡುವಂಥದಲ್ಲ. ಆ ಬೊಂಬೆಗಳಲ್ಲಿ ಉಳಿದವು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ವಸ್ತುಸಂಗ್ರಹಾಲಯದಲ್ಲಿವೆ.

ಮನೆಯ ಬೊಂಬೆಗೆ ಮರಳೋಣ. ಅದರ ಮಾದರಿಯಲ್ಲಿ ನನಗೆ ತುಂಬ ಮೆಚ್ಚಿಗೆಯಾದುದು ಬೆನ್ನಿನ ಸೀಳು. ಕತ್ತಿನಿಂದ ಸೊಂಟದ ಕೆಳಗಿನವರೆಗೆ ತೆರೆದು, ಎರಡು ಪ್ರೆಸ್ ಬಟನ್ ಇಟ್ಟಿರುತ್ತಾರೆ. ಬೊಂಬೆಯ ತೋಳು ಮಡಿಯದು. ತೊಡಿಸುವವರಿಗೆ ಅದು ಕೈಚಾಚಿ ನೆರವಾಗದು. ಆಸ್ಪತ್ರೆಗಳಲ್ಲಿ ಮಲಗಿದವರ ಅಂಗಿಯನ್ನು ಬೆನ್ನಿಗೆ ತೆರೆಯುವಂತೆ ಹೊಲಿಯುವುದೂ ಈ ಕಾರಣಕ್ಕೇ. ಪಾರ್ಶ್ವವಾಯು ಬಡಿದವರಿಗೆ ತೊಡಿಸುವಾಗ ದಾದಿಯರು ಬಲವಿಲ್ಲದ ತೋಳನ್ನು ಮೊದಲು ತೂರಿಸುತ್ತಾರೆ. ಬಿಚ್ಚುವಾಗ ಅದೇ ಕಡೆಯದು. ಆರೇಳು ವರ್ಷದ ಹುಡುಗಿ ಬೊಂಬೆಗೆ ಅಂಗಿ ತೊಡಿಸುವುದನ್ನು ಗಮನಿಸಿ ನೋಡಿ. ಹೆಟ್ಟಿ ನಿಂತ ತೋಳನ್ನು ಮೊದಲು ಹಿಡಿಯುತ್ತಾಳೆ. ಅದರ ಬೆರಳುಗಳು ಒಳಗಿನ ದಾರಕ್ಕೆ ಸಿಕ್ಕಿಕೊಳ್ಳದಂತೆ ತನ್ನ ಬೆರಳಿನಿಂದ ಮುಚ್ಚಿ, ಉಸಿರು ಬಿಗಿಹಿಡಿದು, ಮೆಲ್ಲಗೆ ತೂರಿಸುತ್ತಾಳೆ.