ಮದ್ದಿಲ್ಲದ ರೋಗಕ್ಕೆ ಔಷಧದಾನ



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರಸ್ತಂಭಗಳು. ಮನೆಯಲ್ಲಿ ಕನ್ನಡವನ್ನಾಡಲಿ, ಮರಾಠಿಯನ್ನಾಡಲಿ, ಗುಜರಾತಿಯನ್ನಾಡಲಿ, ಬಸದಿಯ ಹೊಸ್ತಿಲು ದಾಟಿದವರಿಗೆ ಈ ನಾಲ್ಕು ಹೆಸರುಗಳನ್ನು ಅನುವಾದಿಸಿ ಹೇಳಬೇಕಾಗಿಲ್ಲ. ಹಸಿದವರಿಗೆ ಅನ್ನ, ರೋಗಿಗೆ ಮದ್ದು. ಆದರೆ ಮದ್ದೇ ಇಲ್ಲದ ರೋಗ ಬಂದಾಗ ಔಷಧದಾನವೆಂದರೇನು? ಮದ್ದನ್ನು ಹುಡುಕುವ ಕಾರ್ಯಕ್ಕೆ ಧನಸಹಾಯ ಮಾಡುವುದು ಔಷಧದಾನವೇ? ಆ ಹುಡುಕಾಟದಲ್ಲಿ ಜೀವಹಿಂಸೆ ಇದ್ದರೆ?

ಎ.ಎಲ್.ಎಸ್. ಎಂಬ ನರರೋಗವನ್ನು ನೋಡೋಣ. ಸ್ನಾಯುಗಳನ್ನು ನಡೆಸುವ ನರಕೋಶಗಳು ಇದರಲ್ಲಿ ಕ್ರಮೇಣ ನಶಿಸುತ್ತವೆ. ಅಭಿಷೇಕಕ್ಕೆ ಎತ್ತಿದ ಕಲಶ ಕೈಯಿಂದ ಜಾರುತ್ತದೆ. ಬಳಿಕ ಬಸದಿಯ ಮೆಟ್ಟಿಲು ಏರಲಾಗದು. ಮುಂದೆ ಮಾತು, ನುಂಗುವ ಶಕ್ತಿ, ಕೊನೆಗೆ ಉಸಿರು. ಅನೇಕರಲ್ಲಿ ಬುದ್ಧಿ ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಣಮೋಕಾರ ಮಂತ್ರ ಮನಸ್ಸಿನಲ್ಲಿದ್ದೂ ನಾಲಗೆಗೆ ಬಾರದ ಸ್ಥಿತಿಯದು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ಈ ರೋಗ ಪತ್ತೆಯಾಯಿತು. ಅವರು 2018ರವರೆಗೆ ಬದುಕಿದ್ದು ಅಪರೂಪದ ಸಂಗತಿ. ರೋಗ ತಲೆದೋರಿದ ಮೇಲೆ ಹೆಚ್ಚಿನವರಿಗೆ ಉಳಿಯುವುದು ಕೆಲವೇ ವರ್ಷಗಳು.

ರೋಗವು ಅಸಾತಾವೇದನೀಯ ಕರ್ಮದ ಉದಯ, ಅದಕ್ಕೆ ನಾವೇನು ಮಾಡಲಾದೀತು ಎಂದು ಕೆಲವರು ಕೇಳಬಹುದು. ಕರ್ಮಸಿದ್ಧಾಂತವು ನನ್ನ ದುಃಖವನ್ನು ನಾನು ಸಮತೆಯಿಂದ ಸಹಿಸುವುದಕ್ಕೆ ಆಧಾರವೇ ಹೊರತು, ಪರರ ದುಃಖಕ್ಕೆ ಬೆನ್ನು ತಿರುಗಿಸುವುದಕ್ಕೆ ನೆಪವಲ್ಲ. ಹಾಗಾಗಿದ್ದರೆ ಆಚಾರ್ಯರು ಔಷಧದಾನವನ್ನು ಬೋಧಿಸುತ್ತಲೇ ಇರಲಿಲ್ಲ.

ಸಮಂತಭದ್ರಾಚಾರ್ಯರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ ದಾನವನ್ನು ವೈಯಾವೃತ್ಯದ, ಅಂದರೆ ಸೇವೆಯ, ಅಂಗವಾಗಿ ನಿರೂಪಿಸಿ, ನಾಲ್ಕು ದಾನಗಳಿಗೆ ನಾಲ್ಕು ದೃಷ್ಟಾಂತಗಳನ್ನು ಹೆಸರಿಸಿದ್ದಾರೆ. ಔಷಧದಾನಕ್ಕೆ ವೃಷಭಸೇನೆ. ಅವಳ ಸ್ನಾನದ ನೀರು ನಿಂತ ಗುಂಡಿಯಲ್ಲಿ ಹೊರಳಿದ ರೋಗಿಷ್ಠ ನಾಯಿಯೊಂದು ಗುಣವಾಯಿತು, ಅದರಿಂದಲೇ ಆ ನೀರಿನ ಮಹಿಮೆ ಲೋಕಕ್ಕೆ ತಿಳಿಯಿತು ಎಂದು ಕಥೆ ಹೇಳುತ್ತದೆ. ಅಭಯದಾನಕ್ಕೆ ದೃಷ್ಟಾಂತವಾದದ್ದು, ಮುನಿಯನ್ನು ಹುಲಿಯಿಂದ ಕಾಯಲು ಪ್ರಾಣ ತೆತ್ತ ಹಂದಿ. ಮದ್ದಿನ ಫಲ ಮೊದಲು ಪಡೆದದ್ದೂ ಪ್ರಾಣಿ, ಅಭಯ ನೀಡಿದ್ದೂ ಪ್ರಾಣಿ. ಇದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಮಾತನ್ನು ವಿಚಾರಿಸಬೇಕು.

ಎ.ಎಲ್.ಎಸ್. ಕೆಲವರಲ್ಲಿ ಒಂದು ಜೀನಿನ ದೋಷದಿಂದ ಬರುತ್ತದೆಂದು 1993ರಲ್ಲಿ ಗೊತ್ತಾಯಿತು. ಮರುವರ್ಷವೇ ಆ ಜೀನನ್ನು ಹೊತ್ತ ಇಲಿಗಳನ್ನು ಪ್ರಯೋಗಕ್ಕಾಗಿ ಹುಟ್ಟಿಸಲಾಯಿತು. ಅದೇ ದೋಷಕ್ಕೆ ಗುರಿಯಿಟ್ಟ ಟೊಫರ್ಸೆನ್ ಎಂಬ ಮದ್ದಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2023ರಲ್ಲಿ. ಅದು ಉಪಯುಕ್ತವಾಗುವುದು ರೋಗಿಗಳಲ್ಲಿ ನೂರಕ್ಕೆ ಇಬ್ಬರ ಸುಮಾರಿಗೆ. 2014ರಲ್ಲಿ ತಲೆಯ ಮೇಲೆ ಮಂಜಿನ ನೀರು ಸುರಿದುಕೊಳ್ಳುವ ಅಭಿಯಾನವೊಂದು ಲೋಕದಾದ್ಯಂತ ಹಬ್ಬಿ, ಅಮೆರಿಕದ ಎ.ಎಲ್.ಎಸ್. ಸಂಘಕ್ಕೆ ಸುಮಾರು 11.5 ಕೋಟಿ ಡಾಲರ್ ಕೂಡಿಸಿತು. ಆ ನೆರವಿನಿಂದ ರೋಗಕ್ಕೆ ಸಂಬಂಧಿಸಿದ ಹೊಸ ಜೀನುಗಳು ಪತ್ತೆಯಾದವು. ಅದೇ ಹಣದ ಒಂದು ಪಾಲನ್ನು ಪಡೆದ ಮತ್ತೊಂದು ಮದ್ದು 2022ರಲ್ಲಿ ಅನುಮತಿ ಪಡೆದು, ದೊಡ್ಡ ಪರೀಕ್ಷೆಯಲ್ಲಿ ಫಲ ಕಾಣದೆ 2024ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಕೊಟ್ಟವರ ಹಣ ವ್ಯರ್ಥವಾಯಿತೇ? ಇಲ್ಲ. ಈ ದಾರಿ ಸರಿಯಲ್ಲವೆಂಬ ಅರಿವೂ ಜ್ಞಾನವೇ. ಫಲವನ್ನು ಬಯಸದೆ ಕೊಡುವ ಶ್ರಾವಕನಿಗೆ ಇಂಥ ದಾನ ಒಂದು ಪರೀಕ್ಷೆ; ಇಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತುವ ಕಟ್ಟಡವಿಲ್ಲ, ಕೃತಜ್ಞತೆ ಹೇಳಬೇಕಾದವರು ಇನ್ನೂ ಹುಟ್ಟಿರಲಾರರು.

ಇನ್ನು ಹಿಂಸೆಯ ಪ್ರಶ್ನೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು; ಸಂಕಲ್ಪೀ ಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ತಿಳಿದೂ ತಿಳಿದೂ ರೋಗವನ್ನಿಟ್ಟು ಹುಟ್ಟಿಸಿ, ನೋಡಿ, ಕೊಲ್ಲುವುದನ್ನು ಉದ್ಯೋಗದ ಹೆಸರಿನಲ್ಲಿ ಮುಚ್ಚಿಡಲು ನನ್ನ ಮನಸ್ಸು ಒಪ್ಪದು. ಆದರೆ ಹಣ ಕೊಡದಿದ್ದ ಮಾತ್ರಕ್ಕೆ ನಾವು ನಿರ್ದೋಷಿಗಳೂ ಅಲ್ಲ. ಹಿಂಸೆಯು ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆ. ನಮ್ಮ ಮನೆಯ ಔಷಧದ ಡಬ್ಬಿಯಲ್ಲಿರುವ ಬಹುತೇಕ ಮಾತ್ರೆಗಳು ಪ್ರಾಣಿಗಳ ಮೇಲೆ ಪರೀಕ್ಷೆಗೊಂಡೇ ಬಂದಿವೆ. ಅವನ್ನು ನುಂಗುತ್ತ, ಪ್ರಯೋಗಶಾಲೆಯ ಕಡೆಗೆ ಮಾತ್ರ ಬೆರಳು ತೋರಿಸುವುದು ಅಹಿಂಸೆಯಲ್ಲ, ಮಾಯಾಕಷಾಯ. ಮಾತ್ರೆ ತೆಗೆದುಕೊಳ್ಳುವ ರೋಗಿಯನ್ನು ನಿಂದಿಸುವುದು ಇನ್ನೂ ದೊಡ್ಡ ತಪ್ಪು.

ಹಾಗಾದರೆ ಮಾರ್ಗವಾವುದು? ದಾನದ ವಿಶೇಷತೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಪಾತ್ರವನ್ನರಿಯದ ದಾನ ಅರ್ಧದಾನ. ಜಪಾನಿನ ಶಿನ್ಯಾ ಯಮನಾಕಾ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಮೂಲಕೋಶಗಳಾಗಿ ಮಾರ್ಪಡಿಸುವ ವಿಧಾನವನ್ನು ಕಂಡುಹಿಡಿದರು. 2008ರಲ್ಲಿಯೇ ಎ.ಎಲ್.ಎಸ್. ರೋಗಿಯ ಚರ್ಮದಿಂದ ನರಕೋಶಗಳನ್ನು ಬೆಳೆಸಲಾಯಿತು. ಪ್ರಾಣಿಯಿಲ್ಲದೆ ಮದ್ದನ್ನು ಪರೀಕ್ಷಿಸುವ ವಿಧಾನಗಳಿಗೆ ಅಮೆರಿಕ 2022ರಲ್ಲಿ ಕಾನೂನಿನ ಬಾಗಿಲು ತೆರೆಯಿತು. ನಮ್ಮ ದೇಶವೂ 2023ರಲ್ಲಿ ನಿಯಮಗಳನ್ನು ತಿದ್ದಿತು. ಪ್ರಾಣಿಪ್ರಯೋಗ ಇದರಿಂದ ನಿಂತಿಲ್ಲ. ಆದರೆ ಬೇರೆ ದಾರಿಯಿಲ್ಲವೆಂಬ ಮಾತು ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಆ ದಾರಿಯನ್ನು ಅಗಲಿಸುವ ಸಂಶೋಧನೆಗೆ ಜೈನರು ಕೈಹಿಡಿದರೆ ಔಷಧದಾನವೂ ಅಭಯದಾನವೂ ಒಂದೇ ಕೈಯಿಂದ ನಡೆದಂತೆ.

ಹಣವಿಲ್ಲದವರಿಗೂ ಕೊಡುವ ದ್ರವ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳಿನ ಭಂಡಾರವಿದೆ. ಕುಟುಂಬದವರ ಒಪ್ಪಿಗೆಯಿಂದ ಮರಣಾನಂತರ ಬಂದ ಮಿದುಳುಗಳನ್ನು ಅಲ್ಲಿ ನರರೋಗಗಳ ಅಧ್ಯಯನಕ್ಕೆಂದು ಕಾಯ್ದಿಡುತ್ತಾರೆ. ದೇಹ ಬೇರೆ, ಆತ್ಮ ಬೇರೆ ಎಂದು ನಿತ್ಯವೂ ಸ್ವಾಧ್ಯಾಯದಲ್ಲಿ ಓದುವ ನಮಗೆ ಈ ದಾನ ಕಠಿಣವಾಗಬಾರದು.

ಮದ್ದು ಬರುವವರೆಗೆ ರೋಗಿಗೆ ಕಾಯಲು ಸಮಯವಿಲ್ಲ. ಅವರಿಗೆ ಇಂದೇ ಬೇಕಾದದ್ದು ವೈಯಾವೃತ್ಯ: ತುತ್ತು ಉಣಿಸುವ ಕೈ, ರಾತ್ರಿ ಮಗ್ಗುಲು ಬದಲಿಸುವ ಕೈ, ದಣಿದ ಗೃಹಿಣಿಗೆ ಒಂದು ಮಧ್ಯಾಹ್ನದ ಬಿಡುವು ಕೊಡುವ ನೆರೆಮನೆ. ಈ ವರ್ಷದ ರಥೋತ್ಸವದಲ್ಲಿ ಕಲಶವನ್ನು ಎತ್ತಲಾರದವರು ಯಾರಾದರೂ ನಮ್ಮ ನಡುವೆ ಇದ್ದರೆ, ಅವರ ಕೈಗೆ ನಮ್ಮ ಕೈಯನ್ನು ಆನಿಸಿ ಅಭಿಷೇಕ ಮಾಡಿಸೋಣ. ಔಷಧದಾನದ ಮೊದಲ ಮಾತ್ರೆ ಅದೇ.

ಸರ್ವ ಜೀವಿಗಳಿಗೂ ಮಂಗಳವಾಗಲಿ.